ಒಂದು ಹಿತ್ತಾಳೆ ತಿರುಪು

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 8

ಹಾಲು ಕಾಸುವ ಪಾತ್ರೆಯಲ್ಲಿ ಇವತ್ತು ಬೈಕಿನ ಚೈನು ನೆನೆದಿತ್ತು. ಡೀಸೆಲ್‌ನಲ್ಲಿ. ಮುಚ್ಚಳ ತೆಗೆದರೆ ಕರಿ ಹಾವು ಸಿಂಬಿ ಸುತ್ತಿ ಮಲಗಿದ ಹಾಗೆ.

"ಪಾತ್ರಿ ಯಾಕ ತಗೊಂಡ್ರಿ?"

"ತೊಳದ್ರ ಹೋಗ್ತದಲ್ಲ."

ತೊಳೆಯುವವರು ಯಾರು ಅಂತ ಕೇಳಲಿಲ್ಲ. ಗೊತ್ತಿದ್ದದ್ದನ್ನು ಏನು ಕೇಳುವುದು. ಮೂರು ಸಲ ಸೋಪು, ಎರಡು ಸಲ ಬೂದಿ. ವಾಸನೆ ಹೋಗಿಲ್ಲ. ನನ್ನ ಕೈಗೂ ಹತ್ತಿದೆ. ಕೂಸು ಹಾಲು ಕುಡಿಯದೆ ಮುಖ ತಿರುಗಿಸಿತು.

ಎರಡಕ್ಕೆ ಎದ್ದೆ. ಮೂರೂವರೆಗೆ ಎದ್ದೆ. ಐದಕ್ಕೆ ಎದ್ದವಳು ಮತ್ತೆ ಮಲಗಲಿಲ್ಲ. ಉಮಾಗೆ ಆರು ತಿಂಗಳು, ಆರು ತಿಂಗಳಿಂದ ಹೀಗೇ. ಮಾಂತೇಶ ಏಳಕ್ಕೆ ಎದ್ದು, ಮೈಮುರಿದು, ಚಹಾ ಕುಡಿದು ನೇರ ಪಡಸಾಲೆಗೆ ಹೋದ. ಗಾಡಿ ಮುಂದೆ ಕೂತ. ಗಂಡನ ಹೆಸರು ಬಾಯಿಬಿಟ್ಟು ಅನ್ನುವಂತಿಲ್ಲ. ಇಲ್ಲಿಯಾದರೂ ಬರೆಯುತ್ತೇನೆ — ಮಾಂತೇಶ, ಮಾಂತೇಶ, ಮಾಂತೇಶ. ಬಹುವಚನವೂ ಇಲ್ಲ.

"ಎಂಟ ದಿನದಾಗ ನೋಡು, ಶೋರೂಮ್ ಪೀಸ್ ಮಾಡಿ ನಿಲ್ಲಸ್ತೇನಿ."

ಈ ಎಂಟು ದಿನ ಶುರುವಾದದ್ದು ಸಂಕ್ರಾಂತಿಗೆ.

ಒಂದು ಮಾತು ಬರೆದಿಡಬೇಕು. ಗಾಡಿ ನನ್ನದು. ಸಿರಸಂಗಿಯಲ್ಲಿ ಅಪ್ಪ ಇಪ್ಪತ್ತೇಳು ವರ್ಷ ಹೊಡೆದ ಸಿ.ಡಿ. ಹಂಡ್ರೆಡ್. ದನದ ದವಾಖಾನೆಯ ಕೆಲಸಕ್ಕೆ ಹಳ್ಳಿಹಳ್ಳಿ ತಿರುಗಿದ್ದು ಅದರ ಮೇಲೆ. ನಾನು ಹತ್ತನೇ ಈಯತ್ತೆಯಲ್ಲಿದ್ದಾಗ ಹೊಲದ ದಾರಿಯಲ್ಲಿ ನನಗೆ ಕಲಿಸಿದ್ದೂ ಅದರ ಮೇಲೆ. ಈಗ ಅವರಿಗೆ ಮೊಣಕಾಲು ನೋವು, ಸ್ಕೂಟಿ ತಗೊಂಡಿದ್ದಾರೆ. ಬಾಣಂತನ ಮುಗಿಸಿ ನನ್ನನ್ನೂ ಕೂಸನ್ನೂ ಕಳಿಸುವ ದಿನ ಎಲ್ಲರ ಎದುರು ಅಂದರು: "ಈ ಗಾಡಿ ನನ್ನ ಮಗಳಿಗಿ." ಆರ್‌ಸಿ ನನ್ನ ಹೆಸರಿಗೆ. ಬೈಲಹೊಂಗಲದ ಈ ಮನೆ ಮುಟ್ಟುವುದರೊಳಗೆ ಅದು "ಅಳಿಯಗ ಕೊಟ್ಟ ಗಾಡಿ" ಆಗಿತ್ತು.

ಚಲೋ ಓಡುತ್ತಿದ್ದ ಗಾಡಿ. ಹಳೆಯದಾಗಿತ್ತು, ಬಣ್ಣ ಹೋಗಿತ್ತು, ಓಡುತ್ತಿತ್ತು. ಯಾರದೋ ವಿಡಿಯೋ ನೋಡಿ ಬಿಚ್ಚಿ ಹಾಕಿದ.

ಫೆಬ್ರವರಿ 21, ಶುಕ್ರವಾರ

ದೊಡವಾಡದಿಂದ ಫೋನ್. ಹೈಸ್ಕೂಲಿನ ಹೆಡ್‌ಮಾಸ್ಟರ್. ಜೂನ್ ಎರಡರಿಂದ ವಿಜ್ಞಾನ ಹೇಳಲು ಬರಬಹುದೇ ಅಂದರು. ಬೆಳಗಿನ ಪಿರಿಯಡ್‌ಗಳು ಮಾತ್ರ, ಒಂದು ಗಂಟೆಗೆ ಬಿಡುವು.

ಎಂ.ಎಸ್ಸಿ., ಬಿ.ಎಡ್. ಮುಗಿಸಿ ನಾಲ್ಕು ವರ್ಷ ರೊಟ್ಟಿ ಬಡಿದಿದ್ದೇನೆ. ಬರುತ್ತೇನೆ ಸರ್ ಅಂದೆ. ಯಾರನ್ನೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ಬಸ್ಸಿನ ಹೊತ್ತು ಲೆಕ್ಕ ಹಾಕಿದೆ.

ಬಸ್ಸಿಗೆ ಹೋದರೆ ಮನೆ ಮುಟ್ಟುವುದು ಮೂರೂವರೆ. ಅಷ್ಟು ಹೊತ್ತು ಉಮಾ ಹಾಲಿಲ್ಲದೆ ಇರುವುದಿಲ್ಲ. ಬಾಟಲಿ ಬಾಯಿಗೆ ಮುಟ್ಟಿಸಿದರೆ ಅತ್ತು ಮನೆ ಹಾರಿಸುತ್ತಾಳೆ. ಗಾಡಿಯಾದರೆ ಅರ್ಧ ತಾಸು. ಒಂದೂವರೆಗೆ ಮನೆ. ಗಾಡಿ ಇದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ. ಅಷ್ಟೇ.

ಊಟದ ಹೊತ್ತಿಗೆ ಹೇಳಿದೆ. ಅತ್ತೆ ಸಾವಂತ್ರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ದೊಡವಾಡ ನನ್ನ ತವರೂರ, ಯವ್ವಾ. ಸೊಸಿ ಆ ಕಡಿಗೊಂದು ಈ ಕಡಿಗೊಂದು ಕಾಲ ಹಾಕ್ಕೊಂಡು ಗೇರಿನ ಗಾಡಿ ಹೊಡಕೋತ ಬಂದ್ಲಂದ್ರ, ನಮ್ಮಣ್ಣ ಊರ ಅಗಸಿ ಬಾಗಲದಾಗ ತಲಿ ಎತ್ತಿ ಕುಂಡ್ರಬೇಕೋ ಬ್ಯಾಡೋ?"

"ಕುದರಿ ಮ್ಯಾಲೆ ಕುಂತ ರಾಣಿ ಫೋಟೋ ಪಡಸಾಲ್ಯಾಗ ಹಾಕೀರಲ್ಲ, ಅತ್ತಿ?"

"ಆಕಿ ರಾಣಿ. ನೀ ಸೊಸಿ."

ಮಾಂತೇಶ ನಕ್ಕ. "ಮೊದಲ ಗಾಡಿ ಚಾಲೂ ಆಗ್ಲಿ ತಡಿ." ಬಾಯ್ತುಂಬ ರೊಟ್ಟಿ ಇಟ್ಟುಕೊಂಡು ನಕ್ಕ.

ಮಾರ್ಚ್ 15, ಶನಿವಾರ

ಉಮಾ ತೆವಳುತ್ತಾಳೆ, ಈಜಿದ ಹಾಗೆ. ಎಲ್ಲಿಗೆ? ಪಡಸಾಲೆಗೆ.

ಅಲ್ಲಿ ಈಗ ಗಾಡಿ ಇಲ್ಲ, ಗಾಡಿಯ ಸಾಮಾನಿದೆ. ಟ್ಯಾಂಕ್ ತೊಟ್ಟಿಲ ಕೆಳಗೆ. ಸೈಲೆನ್ಸರ್ ಬಾಗಿಲ ಹಿಂದೆ — ದಿನಕ್ಕೊಮ್ಮೆ ಕಾಲಿಗೆ ಬಡಿಯುತ್ತದೆ. ನಟ್ಟು ಬೋಲ್ಟು ನನ್ನ ಒಗ್ಗರಣೆ ಡಬ್ಬಿಯಲ್ಲಿ. ಇವತ್ತು ಉಮಾ ಬಾಯಲ್ಲಿ ಏನೋ ಕಟಕಟ ಅಂತು. ಬೆರಳು ಹಾಕಿ ತೆಗೆದೆ. ವಾಷರ್.

ಕೂಗಿದೆ. ಓಣಿಗೆಲ್ಲ ಕೇಳುವಂತೆ ಕೂಗಿದೆ. ಮಾಂತೇಶ ವಾಷರ್ ಇಸಿದುಕೊಂಡ, ಲುಂಗಿಗೆ ಒರೆಸಿದ, ಬೆಳಕಿಗೆ ಹಿಡಿದು ನೋಡಿದ.

"ಏನೂ ಆಗಿಲ್ಲ ಬಿಡು."

ಕೂಸಿಗೋ, ವಾಷರಿಗೋ?

ಗೊಬ್ಬರದ ಅಂಗಡಿಯಲ್ಲಿ ಸ್ಟಾಕ್ ನೋಡುವ ಮನುಷ್ಯ. ಅಲ್ಲಿ ಒಂದು ಚೀಲ ಆಚೀಚೆಯಾದರೆ ಇವನಿಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಕಣ್ಣಿಗೆ ಪೊರೆ.

ಮಾರ್ಚ್ 29, ಶನಿವಾರ. ಸಂಜೆ 6

ನಾಳೆ ಯುಗಾದಿ. ಅತ್ತೆ ಬೆಳಿಗ್ಗೆಯಿಂದ ಅಡುಗೆಕಟ್ಟೆಯ ಒಂದು ತುದಿಯಲ್ಲಿ ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಇನ್ನೊಂದು ತುದಿಯಲ್ಲಿ ಮಾಂತೇಶ ಕಾರ್ಬೊರೇಟರ್ ಬಿಚ್ಚಿ ಹರವಿದ. ಒಳಗಿನ ಜೆಟ್ ತೋರಿಸಿದ. ಹಿತ್ತಾಳೆಯದು. ಕಡಲೆಕಾಳಿಗಿಂತ ತುಸು ಉದ್ದ, ನಡುವೆ ಕೂದಲೆಳೆಯಷ್ಟು ತೂತು. ಪೆಟ್ರೋಲ್ ಆ ತೂತಿನಿಂದಲೇ ಎಂಜಿನ್‌ಗೆ ಹೋಗಬೇಕು.

"ಇಪ್ಪತ್ತೇಳ ವರ್ಷದ ಒರಿಜಿನಲ್ ಐಟಂ. ಹೆಂಗದ ನೋಡು," ಅಂದ. ಕೂಸನ್ನು ನೋಡಿ ಯಾವತ್ತೂ ಹಾಗೆ ಅಂದಿಲ್ಲ.

ನಾಲ್ಕಕ್ಕೆ ಅವನ ಗೆಳೆಯ ಸಂದೀಪ ಬಂದ. ಇಬ್ಬರೂ ಚಹಾಕ್ಕೆ ಹೋದರು. ಬಂದು ನೋಡಿದರೆ ಜೆಟ್ ಇಲ್ಲ.

ಕಟ್ಟೆ ಹುಡುಕಿದ, ಮೋರಿ ಹುಡುಕಿದ, ಕಸದ ಬುಟ್ಟಿ ಬೋರಲು ಹಾಕಿದ. ಆಮೇಲೆ ನನ್ನ ಕಡೆ ತಿರುಗಿದ.

"ಜೆಟ್ ಎಲ್ಲಿಟ್ಟಿ?"

"ನಾ ಯಾಕ ಮುಟ್ಲಿ?"

"ಹಂಗಾರ ಕೂಸಿನ ಬಾಯಾಗ ನೋಡು."

ಉಮಾ ಅಡುಗೆಮನೆಯಲ್ಲೇ ಇದ್ದಳು. ಚಾಪೆಯ ಮೇಲೆ, ಕಟ್ಟೆಯ ಕೆಳಗೇ. ನಾನು ಐದು ನಿಮಿಷ ಬಚ್ಚಲಿಗೆ ಹೋಗಿದ್ದೆ. ಐದೇ ನಿಮಿಷ. ಬಾಯಲ್ಲಿ ಇಲ್ಲ. ಹಾಗಾದರೆ ಹೊಟ್ಟೆಯಲ್ಲಿ…

ಮಾರ್ಚ್ 30, ಯುಗಾದಿ

ಎಲ್ಲರೂ ಬೇವು-ಬೆಲ್ಲ ಹಂಚುತ್ತಿದ್ದರು. ನಾನು ಹಿತ್ತಲಲ್ಲಿ ಕೂತು ಕೂಸು ಹೊಲಸು ಮಾಡಿದ ದುಪ್ಪಟಿ ಕಡ್ಡಿಯಿಂದ ಕೆದಕಿ ನೋಡುತ್ತಿದ್ದೆ.

ಮಾಂತೇಶ ಹೊಸ ಅಂಗಿ ಹಾಕಿಕೊಂಡು ಹಿತ್ತಲ ಬಾಗಿಲಿಗೆ ಬಂದ. ಮೂಗು ಮುಚ್ಚಿಕೊಂಡು ಅಂದ:

"ಬಂತಂದ್ರ ಚೆಲ್ಲಿಬಿಟ್ಟೀ ಮತ್ತ. ತೊಳದಿಡು. ಒರಿಜಿನಲ್ ಐತಿ."

ಕೈಗೆ ಸಿಕ್ಕದ್ದು ತಂಬಿಗೆ. ಎಸೆದೆ. ತಾಗಲಿಲ್ಲ. ತಾಗಬೇಕಿತ್ತು.

ಅತ್ತೆ ಒಳಗಿಂದ: "ಹಬ್ಬದ ದಿನ ಜೆಟ್ಟು ಜೆಟ್ಟು ಅಂತ ಏನಿದು ರಾಮಾಯಣ! ಬರ್ರಿ, ಸಮೆ ಹಚ್ಚೇನಿ, ದೇವರಿಗಿ ಕೈ ಮುಗೀರಿ. ಎಲ್ಲಾ ಸಿಗತೈತಿ."

ಕೈ ತೊಳೆದು ಹೋದೆ. ಹಿತ್ತಾಳೆಯ ಸಮೆ, ದೇವರ ದೀಪದ ಕಂಬ, ಬಂಗಾರದ ಹಾಗೆ ತಿಕ್ಕಿದ್ದರು. ಐದು ಬತ್ತಿ ಉರಿಯುತ್ತಿತ್ತು. ಅದರ ಎದುರು ನಿಂತು ಬೇಡಿಕೊಂಡೆ. ಕೂಸಿನ ಹೊಟ್ಟೆಯಲ್ಲಿ ಇರದಿರಲಿ. ಎಲ್ಲಾದರೂ ಇರಲಿ, ಅಲ್ಲಿರದಿರಲಿ.

ಏಪ್ರಿಲ್ 1, ಮಂಗಳವಾರ

ಎಕ್ಸ್‌ರೇ ಮಾಡಿಸಿದೆವು. ಅಷ್ಟು ಸಣ್ಣ ಮೈಯನ್ನು ಆ ತಣ್ಣನೆ ತಗಡಿನ ಮೇಲೆ ಒತ್ತಿ ಹಿಡಿಯಬೇಕಾಯಿತು. ಹಿಡಿದವಳು ನಾನು. ಅತ್ತದ್ದು ಇನ್ನೂ ಕಿವಿಯಲ್ಲಿದೆ.

ಡಾಕ್ಟರ್ ಫಿಲ್ಮ್ ಎತ್ತಿ ತೋರಿಸಿದರು. ಬೆರಳಿನಷ್ಟು ಬೆನ್ನೆಲುಬು, ಬಾಚಣಿಕೆ ಹಲ್ಲಿನಂಥ ಪಕ್ಕೆಲುಬು. ಜೆಟ್ ಇಲ್ಲ. "ಏನೂ ಇಲ್ರಿ, ಆರಾಮ ಅದಾಳ."

ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡೆ.

ಹೊರಗೆ ಬಂದ ಮೇಲೆ ಮಾಂತೇಶ ಉಸಿರು ಬಿಟ್ಟ. "ಹಂಗಾರ ಎಲ್ಲಿ ಹೋತು ಅದು?"

ಜೆಟ್ ಬಗ್ಗೆ. ಇಷ್ಟಾದ ಮೇಲೂ ಜೆಟ್ ಬಗ್ಗೆ.

ಏಪ್ರಿಲ್ 19, ಶನಿವಾರ

ಹದಿನೆಂಟು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಅವನು ಗಾಡಿ ಕೈಬಿಟ್ಟ. "ಒರಿಜಿನಲ್ ಜೆಟ್ ಸಿಗೋತನಕ ನಾ ಮುಟ್ಟಂಗಿಲ್ಲ." ಈಗ ಮಂಚದ ಮೇಲೆ ಮಲಗಿ ಬೇರೆಯವರು ಗಾಡಿ ಜೋಡಿಸುವ ವಿಡಿಯೋ ನೋಡುತ್ತಾನೆ. ನಮ್ಮದರ ಮೇಲೆ ನನ್ನ ಹಳೇ ಸೀರೆ ಹೊದಿಸಿದ್ದಾನೆ.

ಜೂನ್ ಎರಡಕ್ಕೆ ಆರು ವಾರ.

ಅಪ್ಪನಿಗೆ ಫೋನ್ ಮಾಡಿ ಬಡಬಡ ಎಲ್ಲ ಹೇಳಿದೆ. ಅತ್ತುಬಿಟ್ಟೆ. ಅಪ್ಪ ಪೂರ್ತಿ ಕೇಳಿದರು.

"ಸಿಟ್ಟು ಬಂದೈತಿ ಹೌದಿಲ್ಲೋ?"

"ಹೂಂ."

"ಚಲೋ ಆತು. ಹದಿನಾಕ ನಂಬರ್ ಪಾನಾ ತಗೋ. ಹಿಂದಿನ ಗಾಲಿಯಿಂದ ಸುರು ಮಾಡು. ಬಿಗಿ ಆದ ನಟ್ಟಿಗಿ ಸಿಟ್ಟ ಬೇಕಾಗತೈತಿ."

ಏಪ್ರಿಲ್ 25, ಶುಕ್ರವಾರ. ಬೆಳಿಗ್ಗೆ 5:40

ಹೇಗೂ ನಿದ್ದೆ ಇಲ್ಲ. ಐದಕ್ಕೆ ಕೂಸಿಗೆ ಕುಡಿಸಿ ಮಲಗಿಸಿದರೆ ಆರೂವರೆತನಕ ನನ್ನ ಹೊತ್ತು. ಆರು ದಿನದಲ್ಲಿ ಎರಡೂ ಗಾಲಿ ಕೂಡಿಸಿದ್ದೇನೆ. ಬ್ರೇಕಿಗೆ ಹೊಸ ಲೈನರ್. ಟ್ಯಾಂಕಿಗೆ ಸೀಮೆಎಣ್ಣೆ, ಒಂದು ಹಿಡಿ ಜಲ್ಲಿ ಹಾಕಿ ಕುಲುಕಿದೆ — ತೊಟ್ಟಿಲು ತೂಗಿ ತೂಗಿ ತೋಳಿಗೆ ಅಭ್ಯಾಸವಾಗಿದೆ. ಹೊರಬಂದದ್ದು ಇಟ್ಟಂಗಿ ಬಣ್ಣದ ನೀರು. ಹಿಂದಿನ ಗಾಲಿಯ ಪಕ್ಕದ ಸೀರೆ ಗಾರ್ಡ್ ಉಜ್ಜಿದೆ. ಅದರ ಮೇಲೆ ಅವ್ವನ ಚಪ್ಪಲಿ ಸವೆಸಿದ ಗುರುತು ಹಾಗೇ ಇದೆ.

ನಿನ್ನೆ ಮಾರ್ಕೆಟ್ ಕಡೆಯ ಮಡಿವಾಳೆಪ್ಪ ಮಿಸ್ತ್ರಿಯನ್ನು ಕರೆಸಿದೆ. ಅರವತ್ತು ದಾಟಿದ ಮನುಷ್ಯ. ಸುತ್ತ ಬಂದು ನೋಡಿದ.

"ಯಾರ ಜೋಡಿಸಿದ್ರು, ಅಕ್ಕಾರ? ಮಾಂತೇಶಣ್ಣನ ಕೈ ಅಲ್ಲ ಇದು. ನಟ್ಟ ಒಂದೂ ಉಳದಿಲ್ಲಲ್ಲ."

ಬೇರೆ ಗಾಡಿಯ ಜೆಟ್ ಹಾಕಿ ನೋಡಿದ. ಚಾಲೂ ಆಯಿತು. ಗೇರಿಗೆ ಹಾಕಿದ ಕೂಡಲೇ ಗಪ್ಪಾಯಿತು. ನಾಲ್ಕು ಸಲ. ತೂತಿನ ನಂಬರ್ ಹೊಂದುತ್ತಿಲ್ಲ ಅಂದ. "ಇದಕ್ಕ ಇದರದ ಬೇಕ್ರಿ. ಮನ್ಯಾಗ ಇನ್ನೊಮ್ಮಿ ಹುಡಕ್ರಿ."

ಎಲ್ಲಿ ಹುಡುಕಲಿ? ಕೂಸಿನ ಹೊಟ್ಟೆಯೊಳಗೂ ಹುಡುಕಿ ಆಯಿತು.

ಏಪ್ರಿಲ್ 29, ಮಂಗಳವಾರ

ನಗಬೇಕೋ, ಸಿಟ್ಟು ಮಾಡಬೇಕೋ.

ನಾಳೆ ಬಸವ ಜಯಂತಿ. ಅತ್ತೆ ಮತ್ತೆ ಹುಣಸೆಹಣ್ಣು ನೆನೆಸಿದರು. ಸಮೆ ಬಿಚ್ಚಿ ನನ್ನ ಕೈಗೆ ಕೊಟ್ಟರು, ತಿಕ್ಕು ಅಂತ. ಅದರ ತುದಿಯ ಕಳಸ ಮುರಿದು ಎರಡು ವರ್ಷ. ಬೋಳಾಗಿತ್ತು. ಇವತ್ತು ನೋಡಿದರೆ ಬೋಳಿಲ್ಲ. ತುದಿಯಲ್ಲಿ ಪುಟ್ಟ ಕಳಸ. ದಾರ ಸುತ್ತಿ, ತಿರುವಿ ಕೂಡಿಸಿದ್ದು. ನಡುವೆ ಕೂದಲೆಳೆಯಷ್ಟು ತೂತು.

"ಅತ್ತಿ, ಇದೆಲ್ಲಿತ್ತು?"

"ಯುಗಾದಿ ಮುಂದ ಕಟ್ಟಿ ಮ್ಯಾಲೆ ಬಿದ್ದಿತ್ತ, ಯವ್ವಾ. ಹಿತ್ತಾಳಿ. ಸಮೆದಽ ಇರಬೇಕಂತ ತಿಕ್ಕಿ ಕುಂಡ್ರಿಸಿದೆ. ಹೆಂಗ ಹೊಂದೇತಿ ನೋಡು."

"ಅತ್ತಿ! ಇದಽ ಜೆಟ್! ತಿಂಗಳಾತು ಇದನ್ನಽ ಹುಡುಕಾಕ್ಹತ್ತೇವಿ!"

ಅತ್ತೆಗೇ ಸಿಟ್ಟು ಬಂತು.

"ಜೆಟ್ಟು ಜೆಟ್ಟು ಅಂತ ಬಡಕೊಂಡ್ರಿ. ಜೆಟ್ ಅಂದ್ರ ನಂಗೇನ ಗೊತ್ತ? ದೊಡ್ಡ ಮಷೀನ್ ಇರಬೇಕಂತ ಮಾಡಿದ್ದೆ. ತಿರುಪು ಅಂದಿದ್ರ ಅವತ್ತಽ ತಗದು ಕೊಡತಿದ್ದೆ! ಒಬ್ಬರಾದ್ರೂ ತಿರುಪು ಅಂದ್ರೇನ? ಕಲತವರಂತ, ಕಲತವರು!"

ಹೌದು. ಒಬ್ಬರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ತಿಂಗಳ ಮಟ್ಟಿಗೆ ಆ ಜೆಟ್ಟಿನ ಎದುರೇ ನಿಂತು, ಜೆಟ್ ಸಿಗಲಿ ದೇವರೇ ಅಂತ ಕೈಮುಗಿದಿದ್ದೇವೆ. ಎಕ್ಸ್‌ರೇ ತಗಡಿನ ಮೇಲೆ ಕೂಸನ್ನು ಒತ್ತಿ ಹಿಡಿದೆ. ಯಾರ ಮೇಲೆ ಸಿಟ್ಟು ಮಾಡಲಿ? ಸಾಲಾಗಿ ನಿಲ್ಲಿಸಿ ಎಲ್ಲರ ಮೇಲೂ.

ಮೇ 6, ಮಂಗಳವಾರ. ಬೆಳಿಗ್ಗೆ 6:15

ಮೂರನೇ ಕಿಕ್‌ಗೆ ಚಾಲೂ.

ಹುಣಸೆಹಣ್ಣು ಆ ತೂತಿನ ಇಪ್ಪತ್ತೇಳು ವರ್ಷದ ಕಿಟ್ಟ ಕಿತ್ತು ತೆಗೆದಿತ್ತು. ಮಡಿವಾಳೆಪ್ಪ ಆಕ್ಸಿಲರೇಟರ್ ಬಿಟ್ಟು ಕಿವಿಗೊಟ್ಟು ಕೇಳಿದ. "ಡುಗ್ ಡುಗ್ ಡುಗ್ — ಕೇಳ್ರಿ ಅಕ್ಕಾರ, ಬೆಕ್ಕು ನಿದ್ದಿ ಮಾಡಿದಂಗ." ಒಬ್ಬಳೇ ಮಾರ್ಕೆಟ್ ತನಕ ಹೋಗಿ ಬಂದೆ. ಒಂಬತ್ತು ತಿಂಗಳಿಂದ ತಲೆಯಲ್ಲಿ ಕೂತಿದ್ದ ನಿದ್ದೆಗೇಡಿನ ಮರಳು ಅರ್ಧ ಗಾಳಿಗೆ ಹೋಯಿತು. ಗೇರು ಕಾಲಿಗೆ ನೆನಪಿತ್ತು. ನನಗಿಂತ ಕಾಲಿಗೇ ಜಾಸ್ತಿ ನೆನಪಿತ್ತು.

ಮೇ 8, ಗುರುವಾರ

ಮಾಂತೇಶ ಸ್ಟೇಟಸ್ ಹಾಕಿದ್ದಾನೆ. ಗಾಡಿಗೆ ಒರಗಿ ನಿಂತ ಫೋಟೋ, ಕಪ್ಪು ಕನ್ನಡಕ. ಕೆಳಗೆ: "ನಾಲ್ಕು ತಿಂಗಳ ತಪಸ್ಸು. ಎಲ್ಲಾ ನನ್ನ ಕೈಯಿಂದಲೇ."

ನನ್ನ ಉಗುರಿನಲ್ಲಿ ಇನ್ನೂ ಗ್ರೀಸ್ ಇದೆ. ಅದೇ ಕೈಯಿಂದ ಅವನಿಗೆ ಊಟಕ್ಕೆ ನೀಡಿದೆ. ತೊಳೆಯಲಿಲ್ಲ.

ಮೇ 18, ಭಾನುವಾರ

ಅತ್ತೆ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಅಣ್ಣನನ್ನು ನೋಡಬೇಕು, ದೊಡವಾಡಕ್ಕೆ ಒಯ್ಯಿ ಅಂತ ಮಗನಿಗೆ ಹೇಳಿ ಎಂಟು ತಿಂಗಳು. ಮಗ ಸಂದೀಪನ ಜೊತೆ ಕಿತ್ತೂರಿಗೆ ಹೋಗುವವನಿದ್ದ. "ಮುಂದಿನ ವಾರ ನೋಡೂಣು ಬೇ."

ಅತ್ತೆ ನನ್ನ ಕಡೆ ನೋಡಿದರು. "ನಿನಗ ಡಬಲ್ ಸೀಟ್ ಹೊಡ್ಯಾಕ ಬರತೈತೇನ?"

ಕೀಲಿ ಅವನ ಕೈಯಿಂದಲೇ ಇಸಿದುಕೊಂಡು ಕೊಟ್ಟರು. ಅವನು ಸಂದೀಪನ ಗಾಡಿಯ ಹಿಂದೆ ಕೂತು ಹೋದ.

ಕೂಸಿಗೆ ಹಾಲು ಕುಡಿಸಿ ಪಕ್ಕದ ಮನೆಯ ಬಾಯವ್ವನ ಹತ್ತಿರ ಬಿಟ್ಟೆ. ಅತ್ತೆ ಒಂದೇ ಕಡೆ ಕಾಲು ಹಾಕಿ ಕೂತರು, ಸೀರೆ ಗಾರ್ಡ್ ಮೇಲೆ ಕಾಲಿಟ್ಟು, ಅವ್ವನ ಗುರುತಿನ ಮೇಲೆಯೇ. ಊರು ದಾಟುವ ತನಕ ನನ್ನ ಹೆಗಲು ಹಿಂಡಿದರು. "ಸಾವಕಾಶ ಹೊಡಿ… ಎಮ್ಮಿ ಐತಿ ನೋಡು… ಯವ್ವಾ ನಮ್ಮ ಬಸವಣ್ಣ…" ಕರಿನೆಲದ ನಡುವೆ ದಾರಿ ನೆಟ್ಟಗಾಯಿತು. ಹರಗಿ ಬಿಟ್ಟ ಹೊಲ, ರಾತ್ರಿ ಮಳೆಯ ವಾಸನೆ. ಗೇರು ಮೂರರಿಂದ ನಾಲ್ಕಕ್ಕೆ ಹಾಕಿದೆ. ಹಿಂದೆ ಮಾತು ನಿಂತಿತು. ಹೆದರಿದರೇನೋ ಅಂತ ಕನ್ನಡಿಯಲ್ಲಿ ನೋಡಿದರೆ ಸೆರಗು ಹಾರಬಿಟ್ಟು ನಗುತ್ತಿದ್ದರು.

ದೊಡವಾಡದ ಅಗಸೆ ಹತ್ತಿರ ಬಂದಾಗ ಬೆನ್ನಿಗೆ ತಿವಿದರು.

"ಅಲ್ಲಿ ಕಟ್ಟಿ ಮ್ಯಾಲೆ ನಮ್ಮಣ್ಣ ಕುಂತಾನ. ಹಾರ್ನ್ ಹೊಡಿ. ಹೊಡೀ ಅಂತೇನಿ! ಇನ್ನೊಮ್ಮಿ!"

ಮೇ 31, ಶನಿವಾರ

ಗೊತ್ತಿತ್ತು. ಇಷ್ಟು ಸಲೀಸಾಗಿ ಮುಗಿಯುವುದಿಲ್ಲ ಅಂತ ಗೊತ್ತಿತ್ತು.

"ಸೋಮವಾರ ಅಂಗಡಿ ರಜಾ. ಗಾಡಿ ತಗೊಂಡು ಸವದತ್ತಿ ಕಡೆ ಹೊಂಟೇವಿ, ನಾನೂ ಸಂದೀಪನೂ. ಡ್ಯಾಮ್ ಹತ್ರ ವಿಡಿಯೋ ತಗೀಬೇಕು."

"ಸೋಮವಾರ ಜೂನ್ ಎರಡು."

"ಒಂದ ದಿನ ಬಸ್ಸಿಗಿ ಹೋಗು."

"ಕೂಸು?"

"ಒಂದ ದಿನಕ್ಕ ಏನಾಗತೈತಿ?"

"ಗಾಡಿ ನಂದು."

"ನಂದು ನಿಂದು ಅಂತ ಬ್ಯಾರೆ ಬ್ಯಾರೆ ಐತೇನ? ಎಷ್ಟ ಸಣ್ಣ ಮನಸ್ಸ ನಿಂದು."

ಸಣ್ಣ ಮನಸ್ಸು. ಬರೆದಿಟ್ಟುಕೊಂಡೆ. ಒಂದು ದಿನ ಬಿಟ್ಟುಕೊಟ್ಟರೆ ಮಂಗಳವಾರವೂ ಏನೋ ಇರುತ್ತದೆ. ಬುಧವಾರವೂ. ವಾರದೊಳಗೆ ಹೆಡ್‌ಮಾಸ್ಟರ್ ಬೇರೆಯವರನ್ನು ನೋಡುತ್ತಾರೆ.

ಜೂನ್ 1, ಭಾನುವಾರ. ಮಧ್ಯಾಹ್ನ 3

ಕೀಲಿ ಬಚ್ಚಿಟ್ಟರೆ ಉಪಯೋಗವಿಲ್ಲ. ಸವೆದ ಲಾಕ್, ತಿಜೋರಿ ಕೀಲಿ ಹಾಕಿದರೂ ತಿರುಗುತ್ತದೆ.

ಮಾಂತೇಶ ಕ್ಷೌರಕ್ಕೆ ಹೋದ. ಕಾರ್ಬೊರೇಟರ್ ಕೆಳಗಿನ ಬಟ್ಟಲು ಬಿಚ್ಚಿದೆ. ಹನ್ನೊಂದು ನಿಮಿಷ. ಜೆಟ್ ಒರೆಸಿ, ದಾರ ಸುತ್ತಿ, ಸಮೆಯ ತುದಿಗೆ ತಿರುವಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಉಮಾಳನ್ನು ಬಗಲಲ್ಲಿ ಹೊತ್ತುಕೊಂಡು. ಎಷ್ಟು ಹೊತ್ತಿನಿಂದಲೋ.

ಒಳಗೆ ಬಂದು ಸಮೆಗೆ ಎಣ್ಣೆ ಹಾಕಿದರು. ತುದಿಗೆ ಒಂದು ಬೊಟ್ಟು ಕುಂಕುಮ ಇಟ್ಟರು.

ಜೂನ್ 2, ಸೋಮವಾರ. ಬೆಳಿಗ್ಗೆ 7:30

ಒದೆಯುತ್ತಿದ್ದಾನೆ. ಎಣಿಸಿದೆ, ನಲವತ್ತೊಂದು ಕಿಕ್. ಅಂಗಿ ತೊಯ್ದಿದೆ. ಸಂದೀಪ ಅವನ ಗಾಡಿಯ ಮೇಲೆ ಕೂತು ಹಾರ್ನ್ ಹೊಡೆಯುತ್ತಿದ್ದಾನೆ.

7:50

ಬಟ್ಟಲು ಬಿಚ್ಚಿ ನೋಡಿದ. ಗೊತ್ತಾಯಿತು. ಅಡುಗೆಮನೆಗೆ ಬಂದ.

"ಜೆಟ್ ಎಲ್ಲಿಟ್ಟಿ?"

"ಕೂಸಿನ ಬಾಯಾಗ ನೋಡ್ರಿ."

ಮುಖ ಕೆಂಪಾಯಿತು. ದೇವರ ಮನೆಗೆ ಹೋದ. ಅತ್ತೆ ಸಮೆ ಹಚ್ಚಿ ಎದುರಿಗೆ ಕೂತಿದ್ದರು.

"ಬೇ, ಜೆಟ್ ನೋಡಿಯೇನ?"

"ಜೆಟ್ ಅಂದ್ರೇನೋ, ಯಪ್ಪಾ? ನಾ ಸಾಲಿ ಕಲತಾಕಿ ಅಲ್ಲ."

ಹಾಗಂದು ಕಣ್ಣು ಮುಚ್ಚಿಕೊಂಡರು. ಅವನು ಸಮೆಯ ಎದುರೇ ನಿಂತಿದ್ದ. ಒಂದು ಗೇಣು ದೂರ. ಅಭ್ಯಾಸ ಬಲ — ಕೈ ಮುಗಿದ.

8:20

ಹೋದರು. ಸಂದೀಪನ ಗಾಡಿಯ ಮೇಲೆ, ಡಬಲ್ ಸೀಟ್. ನನ್ನ ಸಿಟ್ಟು ಹೋಗಿಲ್ಲ. ಸಂಜೆ ಬರುತ್ತಾನೆ, ಆಗ ಇದೆ. ಎದುರಿಗೇ ಹೇಳುತ್ತೇನೆ, ಇಲ್ಲಿ ಬರೆದು ಮುಚ್ಚಿಡುವುದಿಲ್ಲ.

ಅತ್ತೆ ಬತ್ತಿ ಆರಿಸಿ, ಬಿಸಿ ತುದಿಯನ್ನು ಸೆರಗಿನಲ್ಲಿ ಹಿಡಿದು ತಿರುವಿ ತೆಗೆದರು. ನನ್ನ ಅಂಗೈಗೆ ಹಾಕಿದರು.

"ತಗೋ ನಿನ್ನ ತಿರುಪು. ಸಂಜೀಕ ತಂದ ಕೊಡು. ದೇವರಿಗಿ ಬೇಕು."

8:45. ಕೂಡಿಸಿಯಾಯಿತು. ಉಮಾ ಕುಡಿದು ಮಲಗಿದ್ದಾಳೆ. ಬೆರಳಿಗೆ ಪೆಟ್ರೋಲ್, ಎಣ್ಣೆ, ಕುಂಕುಮ. ಮೊದಲನೇ ಪಿರಿಯಡ್ ಒಂಬತ್ತನೇ ಈಯತ್ತೆಗೆ. ಅತ್ತೆ ಹೊರಗೆ ಗಾಡಿ ಹಿಡಿದು ನಿಂತು ಕೂಗುತ್ತಿದ್ದಾರೆ, "ಹೊತ್ತಾತ ಬಾ, ನಾ ಒಂದ ಕಿಕ್ ಹೊಡದ ನೋಡ್ಲೇನ" — ಅಯ್ಯೋ, ಹೊಡೆದೇ ಬಿಟ್ಟರು, ಗಾಡಿ ಚಾಲೂ —